ಲಂಡನ್ನಿನಿಂದ ಕರಾಚಿಗೆ, ನಮ್ಮ ಬೀದಿಯ ಮೇಲೆ

ಊರು ಬಿಟ್ಟು ಕದಲದವನಿಗೇ ಲೋಕದ ದೂರಗಳೆಲ್ಲ ಚೆನ್ನಾಗಿ ಗೊತ್ತಿರುತ್ತವೆ. ತಿರುಗಾಡುವವರಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ? ನನ್ನನ್ನೇ ನೋಡಿ. ತಮಿಳು ಸೀಮೆಯ ಪೆರಿಯನಾಯಕನಪಾಳ್ಯಂನಲ್ಲಿ, ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತವನು ನಾನು. ಆದರೂ ಲಂಡನ್ನಿನಲ್ಲಿ ಹೊರಟ ವಿಮಾನ, ಹಡಗಿನ ಹಾಗೆ ಮೂರು ವಾರ ಹಿಡಿಯದೆ, ಒಂದೇ ವಾರದಲ್ಲಿ ಕರಾಚಿಗೆ ಬಂದಿಳಿಯುತ್ತದೆಂದು ಇಲ್ಲಿ ಮೊದಲು ಸಾರಿದವನು ನಾನೇ. ಕಾಫಿ ಕ್ಲಬ್ಬಿನ ತಮಿಳು ಪೇಪರಿನಲ್ಲಿ ಓದಿದ್ದೆ. ಅಂದಿನಿಂದ ಆ ವಿಮಾನವನ್ನು ನಾನೇ ನೆಯ್ದು ಕಳಿಸಿದವನಂತೆ ಆಡತೊಡಗಿದೆ.

ಇದನ್ನು ಸಹಿಸದವಳು ನನ್ನ ಹೆಂಡತಿ ರಾಮಕ್ಕ ಒಬ್ಬಳೇ. ಧಾರಾಪುರಂನಲ್ಲಿ ಅವಳ ತಮ್ಮನ ಮದುವೆ ಗೊತ್ತಾಗಿತ್ತು. ಅಕ್ಕನಾದವಳು ತನ್ನ ಮನೆಯ ಮಗ್ಗದಲ್ಲಿ ನೆಯ್ದ ಸೀರೆಯನ್ನೇ ಮದುಮಗಳಿಗೆ ಉಡಿಸಬೇಕೆಂಬುದು ಅವಳ ತೌರಿನ ಪದ್ಧತಿ.

"ಲಂಡನ್ ಇರಲಿ, ಸಾಮಿ. ನನ್ನ ತಂಬಿ ಕಲ್ಯಾಣಕ್ಕೆ ಸೀರೆ ಮುಗಿಯುತ್ತಾ?" ಎಂದಳು.

"ವಿಮಾನದ ಕಾಲದಲ್ಲಿ ಧಾರಾಪುರಂ ಒಂದು ದೂರವೇನೇ?" ಎಂದೆ. ಕೇಳಿದ್ದೊಂದು, ಹೇಳಿದ್ದೊಂದು, ನನ್ನ ಜಾಯಮಾನವೇ ಹಾಗೆ.

ಮರುದಿನ ಬೆಳಕು ಹರಿಯುತ್ತಲೇ ಸೀರೆಯ ಪಾವನ್ನು, ಅಂದರೆ ಮಗ್ಗಕ್ಕೇರಬೇಕಾದ ಉದ್ದ ನೂಲನ್ನು, ಬೀದಿಯುದ್ದಕ್ಕೂ ಎಳೆದು ಎರಡು ತುದಿಯ ಗೂಟಗಳಿಗೆ ಕಟ್ಟಿ ಗಂಜಿ ಹಚ್ಚಿದೆವು. ಅದು ಒಣಗುವವರೆಗೆ ಕುಂಚ ಎಳೆಯುತ್ತಲೇ ಇರಬೇಕು. ನಿಲ್ಲಿಸಿದಿರೋ, ಎಳೆಗೆ ಎಳೆ ಅಂಟಿಕೊಂಡು ಹಪ್ಪಳವಾಗುತ್ತದೆ. ಈ ಬದಿಗೆ ನಾನು, ಆ ಬದಿಗೆ ಪಕ್ಕದ ಮನೆಯ ಚೌಡಯ್ಯ ಮಾವ. ಮಾವ ಸುಮ್ಮನಿರಬಾರದೇ?

"ಅಲ್ಲ ಮಾಪ್ಳೆ, ಆ ವಿಮಾನ ರಾತ್ರಿ ಹೊತ್ತು ಎಲ್ಲಿ ಮಲಗುತ್ತೆ?" ಎಂದರು.

ಇಂಥ ಪ್ರಶ್ನೆಗೆ ತಲೆ ತಗ್ಗಿಸಿಕೊಂಡು ಉತ್ತರಿಸಲಾದೀತೇ? ಬೇವಿನ ಮರದ ಹತ್ತಿರದ ಗೂಟವೇ ಲಂಡನ್ ಎಂದೆ. ನಮ್ಮ ಜಗಲಿಯ ಮುಂದಿನದು ಕರಾಚಿ. ಕುಂಚವನ್ನೇ ವಿಮಾನ ಮಾಡಿ ಎತ್ತಿ ಹಿಡಿದು ಹೊರಟೆ. ಸಮುದ್ರ ದಾಟಿಸಿದೆ, ಮರುಭೂಮಿಯಲ್ಲಿ ಇಳಿಸಿ ಎಣ್ಣೆ ಹಾಕಿಸಿದೆ, ರಾತ್ರಿಗೊಂದು ಊರಿನಲ್ಲಿ ಮಲಗಿಸಿ ಎಬ್ಬಿಸಿದೆ. ಮಾವ ತಮ್ಮ ಕುಂಚವನ್ನು ಕಂಕುಳಲ್ಲಿಟ್ಟುಕೊಂಡು ಬಾಯಿ ಬಿಟ್ಟು ಹಿಂದೆಯೇ ಬಂದರು. ಅಷ್ಟರಲ್ಲಿ ಬಿಸಿಲು ಚುರುಗುಟ್ಟತೊಡಗಿತ್ತು.

ಕರಾಚಿಯಲ್ಲಿ ರಾಮಕ್ಕ ನಿಂತಿದ್ದಳು. ಪಾವನ್ನು ಬೆರಳಿನಿಂದ ತಟ್ಟಿದಳು. ಟಕಟಕ ಎಂದಿತು.

"ಅಯ್ಯೋ ಸಾಮಿ, ತಂಬಿ ಮುಂದೆ ನಾನು ಹೆಂಗೆ ನಿಲ್ಲಲಿ?" ಎಂದು ಅಲ್ಲೇ ಕುಸಿದು ಅತ್ತುಬಿಟ್ಟಳು. ಬೈದಿದ್ದರೆ ನಾಲ್ಕು ಮಾತು ಆಡುತ್ತಿದ್ದೆ. ಅವಳು ಅತ್ತದ್ದು ನೋಡಿ, ಎತ್ತಿ ಹಿಡಿದಿದ್ದ ವಿಮಾನವನ್ನು ಮೆಲ್ಲಗೆ ಕೆಳಗಿಳಿಸಿದೆ.

ಚೌಡಯ್ಯ ಮಾವನೂ ತಪ್ಪಿನಲ್ಲಿ ಪಾಲುದಾರರಲ್ಲವೇ? ತಮ್ಮ ಮಗ್ಗದಿಂದ ಆಗತಾನೇ ಇಳಿದಿದ್ದ ಸೀರೆಯನ್ನು ತಂದು, "ನಿನ್ನ ಮಗ್ಗದ್ದು ಅಂತಲೇ ಹೇಳು, ಮಗಳೇ" ಎಂದರು. ರಾಮಕ್ಕ ಕಣ್ಣೊರೆಸಿಕೊಂಡು ಅದನ್ನು ಮಡಿಲಲ್ಲಿಟ್ಟು ಧಾರಾಪುರಂಗೆ ಬಸ್ಸು ಹತ್ತಿದಳು. ಅವಳೊಬ್ಬಳೇ. ಮನೆ ಬಿಡುವಾಗ ನನ್ನ ಕಡೆ ತಿರುಗಿ, "ಈ ಪಾವು ಒಂದೊಂದು ಎಳೆ ಬಿಡಿಸಿ, ಲಂಡನ್ನಿಂದ ಕರಾಚಿಗೆ ಬಂದು ಸೇರಿ. ಆಮೇಲೆ ಹೇಳಿ ಕಳಿಸಿ, ಬರ್ತೀನಿ" ಎಂದಳು.

ಪಾವನ್ನು ಸುತ್ತಿ ತಂದು, ಬೇವಿನ ಮರದ ಕಡೆಗಿದ್ದ ತುದಿಯಿಂದಲೇ ಶುರುಮಾಡಿ, ನೀರು ಚಿಮುಕಿಸಿಕೊಂಡು ಎಳೆ ಬಿಡಿಸುತ್ತಾ ಜಗಲಿಯಲ್ಲಿ ಕೂತಿದ್ದೇನೆ. ಅನ್ನ ನಾನೇ ಬೇಯಿಸಿಕೊಳ್ಳುತ್ತೇನೆ. ಅದೂ ಹೆಚ್ಚುಕಡಿಮೆ ಗಂಜಿಯೇ. ಇವತ್ತಿಗೆ ವಾರವಾಯಿತು. ಅವಳು ಹೋದ ದಿನ ಹೊರಟ ವಿಮಾನ ಕರಾಚಿಗೆ ಬಂದಿಳಿದಿರಬೇಕು. ನಾನಿನ್ನೂ ಲಂಡನ್ನಿನಲ್ಲೇ ಇದ್ದೇನೆ.