ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ

ಎಲ್ಲ ಗದ್ದಲಕ್ಕೂ ಕಾರಣ ತೆಗೆದ ಫೋಟೋವನ್ನು ಆಗಲೇ ತೋರಿಸುವ, ಕ್ಯಾಮೆರಾದ ಬೆನ್ನಿಗಿದ್ದ ಅಂಗೈಗಿಂತ ಚಿಕ್ಕ ಗಾಜು. ಅದಿಲ್ಲದ ರೀಲಿನ ಕಾಲದಲ್ಲಿ, ಫೋಟೋ ತೊಳೆದು ಬರುವತನಕ ಗಜೇಂದ್ರಗಡದಲ್ಲಿ ಯಾರೂ ಫೋಟೋಗ್ರಾಫರ್ ಆಫ್ತಾಬನಿಗೆ ಬುದ್ಧಿ ಹೇಳುತ್ತಿರಲಿಲ್ಲ.

ನೇಕಾರ ಮೋದಿನಸಾಬರ ಮಗಳು ಮೆಹನಾಜಳನ್ನು ಅವನು ಮದುವೆಗೆ ಕೇಳಿ ಕಳಿಸಿದ್ದ. “ಮದಲ ನನ್ನ ಸೀರಿ ಫೋಟೋ ತಗಿ. ಸೀರಿ ಕೊಳ್ಳೋ ಹುಬ್ಬಳ್ಳಿ ಸಾಹುಕಾರ ಒಪ್ಪಿದ್ರ ನಿಕಾದ ಮಾತು,” ಎಂದಿದ್ದರು ಅವರು.

ಅಂಗಳದ ಹಗ್ಗದ ಮೇಲೆ ಬಿಳಿ ಅಂಚಿನ ದಟ್ಟ ಕೆಂಪು ಸೀರೆ ತೂಗಿತು. ಆಫ್ತಾಬ ಫೋಟೋವನ್ನು ಆಮೇಲೆ ತಿದ್ದಲು ಹಸಿಯಾಗಿಯೇ ಉಳಿಸುವ ರಾ ಫೈಲಿನಲ್ಲಿ ತೆಗೆಯುವವನು. ಬಿಳಿ ಅಂಚು ಬೆಳಕಿಗೆ ಸುಟ್ಟು ಅಳಿಸಿಹೋಗದಷ್ಟಕ್ಕೆ ನಿಲ್ಲಿಸಿ, ಬೆಳಕನ್ನು ಧಾರಾಳವಾಗಿ ಒಳಗೆ ಬಿಟ್ಟ. ಹಾಗಾದರೆ ಕೆಂಪಿನೊಳಗಿನ ಎಳೆ ಎಳೆಯೂ ಉಳಿಯುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಬೆಳಕು ಇಳಿಸಿದರೆ ಬಣ್ಣ ಮರಳುತ್ತದೆ. ಸದ್ಯಕ್ಕೆ ಮಾತ್ರ ಗಾಜಿನಲ್ಲಿ ಕಂಡದ್ದು ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ.

ಪಕ್ಕದ ಮನೆಯ ಗಾಳೆವ್ವ ಇಣುಕಿದಳು. “ಅಯ್ಯ ಯಪ್ಪಾ! ಸೀರಿ ಬಾಣಂತಿ ಮಾರಿ ಹಂಗ ಬಿಳಚಿಕೊಂಡೇತಲ್ಲೋ!”

“ಇದು ಇನ್ನೂ ಹಸೀದು ಬೇ. ಬೇಯಿಸಿದ ಮ್ಯಾಲ ಬಣ್ಣ ಬರತೈತಿ.”

“ಒಲಿ ಹಚ್ಚಲೇನು?”

ಒಲೆ ಹಚ್ಚಲಿಲ್ಲ, ಬಿಸಿಲು ತಡೆಯಲು ಕೌದಿ ತಂದು ಹಿಡಿದಳು. ಆಫ್ತಾಬ ನೆರಳಿಗೆ ತಕ್ಕಂತೆ ಕ್ಯಾಮೆರಾ ಹೊಂದಿಸಿ ಗುಂಡಿ ಒತ್ತುವಷ್ಟರಲ್ಲಿ ಕೈಸೋತು ಕೌದಿ ಇಳಿಸಿದಳು, ಬಿಸಿಲು ನುಗ್ಗಿತು. ಈಗ ಸೀರೆಯೂ ಇಲ್ಲ, ಅಂಚೂ ಇಲ್ಲ. ಗಾಜಿನ ತುಂಬ ಸುಣ್ಣ ಬಳಿದ ಗೋಡೆಯಂಥ ಬಿಳುಪು.

ಮೋದಿನಸಾಬರು ಬಗ್ಗಿ ನೋಡಿದರು. “ತಮ್ಮಾ, ನನ್ನ ಸೀರಿ ಎಲ್ಲಿ ಹೋತು?”

“ಒಂದ್ ತಾಸು ಕೊಡ್ರಿ ಚಾಚಾ, ಕಂಪ್ಯೂಟರ್‌ನಾಗ…”

ಅಷ್ಟರಲ್ಲಿ ಬಾಗಿಲಿಗೆ ಕಾರು ಬಂತು. ಹುಬ್ಬಳ್ಳಿ ಸಾಹುಕಾರ ಶಿವನಪ್ಪ ನೇರ ಕ್ಯಾಮೆರಾಕ್ಕೇ ಕೈ ಹಾಕಿದ. ಸುಣ್ಣದ ಗೋಡೆಯಂಥ ಫೋಟೋ ದಾಟಿಸಿ ಮೊದಲ ಫೋಟೋದ ಮೇಲೆ ನಿಂತ. ಆಫ್ತಾಬ ಕಣ್ಣು ಮುಚ್ಚಿದ.

ಸಾಹುಕಾರ ಹಗ್ಗದ ಸೀರೆಯತ್ತ ನೋಡಿ ಅಂದ: “ಕೆಂಪು ಎಲ್ಲಾರ ಹತ್ರ ಐತ್ರಿ. ಈ ಬಣ್ಣ ಎಲ್ಲೂ ನೋಡಿಲ್ಲ. ನೂರು ಸೀರಿ ಹಾಕ್ರಿ!”

“ಸಾಹುಕಾರ್ರ, ಅದು ಖರೇ ಬಣ್ಣ ಅಲ್…” ಎನ್ನುವಷ್ಟರಲ್ಲಿ ಮೋದಿನಸಾಬರು ಆಫ್ತಾಬನ ಕಾಲು ತುಳಿದರು. “ಆಗತೈತ್ರಿ, ಅದಕ್ಕೇನು!”

ಕಾರು ಹೋದದ್ದೇ ಅವನನ್ನು ತಬ್ಬಿಕೊಂಡರು. “ಅಳಿಯಾ! ಆ ಬಣ್ಣದ ಮದಲನೇ ಸೀರಿ ಮೆಹನಾಜಗ. ಅದನ್ನ ಉಟ್ಟ ದಿನಾನ ನಿಕಾ!”

ಆಫ್ತಾಬ ಓಡಿಹೋಗಿ, ನೂಲಿಗೆ ಬಣ್ಣ ಹಾಕುವ ಫಕ್ರುಸಾಬರನ್ನು ಕರೆತಂದ. ಮುದುಕರು ಗಾಜನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿ, ಗಡ್ಡ ನೀವಿಕೊಂಡರು.

“ಡಬ್ಬಿ ಬಣ್ಣದಾಗ ಇದು ಬರೂದಿಲ್ಲ. ಆದ್ರ ಹಾದಿ ಐತಿ.”

“ಹ್ಯಾಂಗ್ರಿ?”

“ಇದ ಕೆಂಪು ಸೀರೀನ ದಿನಾ ಒಗದು ಬಿಸಿಲಿಗೆ ಹಾಕ್ರಿ. ಹತ್ತು ವರ್ಷದಾಗ ಹಿಂಗ ಆಗತೈತಿ.”

ಆಫ್ತಾಬ ಬೆರಳು ಮಡಚಿ ನಿಕಾಕ್ಕೆ ಉಳಿದ ವರ್ಷ ಎಣಿಸತೊಡಗಿದ. ಮೋದಿನಸಾಬರು ಒಳಗೆ ತಿರುಗಿ ಕೂಗಿದರು: “ಮೆಹನಾಜ, ಬಕೀಟು ತಾ ಬೇಟಿ. ಇವತ್ತಿಂದಾನ ಸುರು ಮಾಡೂನು.”