ಕನ್ನಡ ಮಾತಾಡಿದ ಮಗ

“ಹೊಟ್ಟೀಲೆ ಹುಟ್ಟಿದ ಮಗ ಅಳಕೋತ ಫೋನ್ ಮಾಡ್ಯಾನ. ಕಟ್ ಮಾಡಿ ರೊಟ್ಟಿ ಬಡಿಯಾಕ ಕುಂತೀಯಲ್ಲ, ತಾಯಿ ಏನ ನೀನು?”

“ಅಂವ ನಮ್ಮ ಅಂಬರೀಶ ಅಲ್ರಿ.”

ಶಿವರಾಯ ಆಗಷ್ಟೇ ಮೂಲೆಯ ಬಚ್ಚಲಮೋರಿಯಲ್ಲಿ ಸ್ನಾನ ಮುಗಿಸಿ ಎದ್ದಿದ್ದ. ಮೈ ಒರೆಸಿಕೊಳ್ಳುವುದನ್ನೂ ಮರೆತು ನಡುಮನೆಯಲ್ಲಿ ನಿಂತುಬಿಟ್ಟ. ಮರಾಠಿ ಸೀಮೆಯ ಕಳವಾ ಎಂಬ ಊರಿನ ಆ ಒಂದೇ ಖೋಲಿಯ ಮನೆಯಲ್ಲಿ ಅಡುಗೆಮನೆಯೂ ಅದೇ, ಪಡಸಾಲೆಯೂ ಅದೇ. ಅವನ ಮೈಯ ನೀರು ಎಲ್ಲಿ ಹಿಟ್ಟಿಗೆ ಸಿಡಿಯುತ್ತದೋ ಎಂದು ದಾನಮ್ಮ ಪರಾತವನ್ನು ಇತ್ತ ಎಳೆದುಕೊಂಡಳು.

ಆದದ್ದು ಇಷ್ಟು. ಗಂಡ ಸ್ನಾನಕ್ಕೆ ಕುಳಿತಾಗ ಅವನ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. ದಾನಮ್ಮ ಎತ್ತಿದರೆ ಮಗನ ಧ್ವನಿ. ಗಾಡಿ ಬಡಿದು ಯಾರೋ ಬಿದ್ದಿದ್ದಾರೆ, ಪೊಲೀಸರು ಹಿಡಿದು ಕೂರಿಸಿದ್ದಾರೆ, ಅಪ್ಪನ ಫೋನಿಗೆ ಬ್ಯಾಂಕಿನಿಂದ ಒಂದು ನಂಬರು ಬಂದಿದೆ, ಅದನ್ನು ಹೇಳಿದರೆ ಬಿಡುತ್ತಾರೆ ಎಂದು ಆ ಧ್ವನಿ ಅತ್ತಿತು. ಆಕೆ ಕೊನೆಯತನಕ ಕೇಳಿಸಿಕೊಂಡು, ಏನೂ ಹೇಳದೆ ಇಟ್ಟುಬಿಟ್ಟಳು. ಗಂಡ ಎದ್ದು ಬಂದಾಗ ಅವನಿಗೆ ಅದನ್ನೇ ಹೇಳಿದ್ದಳು.

“ಧ್ವನಿ ಗುರುತು ಸಿಗಲಿಲ್ಲೇನು ನಿನಗ?”

“ಸಿಕ್ತು. ಧ್ವನಿ ಅವನದ. ಮಾತು ಅವನದಲ್ಲ. ‘ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಕೈ ಬಿಡಬ್ಯಾಡ’ ಅಂತಂದ. ನಮ್ಮ ಹುಡುಗ ಯಾವತ್ತರ ನನಗ ಯವ್ವಾ ಅಂದಾನೇನು?”

ಆ ಊರಲ್ಲೇ ಹುಟ್ಟಿ ಬೆಳೆದ ಮಗ ಕನ್ನಡವನ್ನೆಲ್ಲ ತಿಳಿಯುತ್ತಿದ್ದ, ಆದರೆ ಉತ್ತರ ಹಿಂದಿಯಲ್ಲಿ ಕೊಡುತ್ತಿದ್ದ. ‘ಕನ್ನಡ ಮಾತಾಡಲೇ’ ಎಂದು ಬೈದು ಬೈದು ಅಪ್ಪನ ಗಂಟಲು ಒಣಗಿತ್ತು.

“ಆಪತ್ತು ಬಂದಾಗ ತಾಯಿಭಾಷಾ ತಾನ ಬರ್ತೈತಿ,” ಎಂದ ಶಿವರಾಯ.

“ಹೋದ ದೀಪಾವಳಿಗೆ ಬಾಗಲಾಗ ಬೆರಳು ಸಿಕ್ಕು ಉಗುರು ಕಿತ್ತು ಬಂತಲ್ಲ, ಆಗ ‘ಆಯೀ ಗ’ ಅಂತ ಮರಾಠಿಯೊಳಗ ಚೀರಿದ. ಅದಕ್ಕಿಂತ ಆಪತ್ತು ಬೇಕೇನ್ರಿ?”

ಶಿವರಾಯ ಮಗನಿಗೆ ಫೋನು ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ತುರ್ಭೆಯ ಗೋದಾಮಿನಲ್ಲಿ ಕೆಲಸಕ್ಕೆ ಒಳಗೆ ಹೋಗುವಾಗ ಫೋನು ಗೇಟಿನಲ್ಲೇ ಇಡಬೇಕು, ಊಟದ ಬಿಡುವಿನತನಕ ಸಿಗುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು. ಆದರೂ ಅವನು ಹಚ್ಚುತ್ತಲೇ ಇದ್ದ. ದಾನಮ್ಮನ ರೊಟ್ಟಿ ಅಂದು ಮೊದಲ ಸಲ ಹೊತ್ತಿತು. ಬಾಯಲ್ಲಿ ಎಷ್ಟೇ ಧೈರ್ಯವಿದ್ದರೂ, ಒಂದು ವೇಳೆ ಅವನೇ ಆಗಿದ್ದರೆ ಎಂಬ ಅಳುಕು ಅವಳಿಗೂ ಇತ್ತು.

“ನಮ್ಮ ಹುಡುಗನ ಧ್ವನಿ ಕಳ್ಳರ ಕೈಗೆ ಹ್ಯಾಂಗ ಸಿಕ್ಕಿದ್ದೀತು?” ಎಂದಳು.

ಗಂಡ ಟವೆಲ್ಲಿನಿಂದ ತಲೆ ಒರೆಸತೊಡಗಿದ. ಒರೆಸಲು ಅಲ್ಲಿ ಕೂದಲೇ ಇರಲಿಲ್ಲ. ದಾನಮ್ಮ ಅದನ್ನು ನೋಡಿದಳು.

“ಮೊನ್ನೆ ಮೂಲ್ಯಾಗ ಕುಂತು ಫೋನ್ ಕಿವಿಗೆ ಹಿಡಕೊಂಡು ಕಣ್ಣೀರು ಒರಸ್ತಿದ್ರಿ. ಏನು ಕೇಳ್ತಿದ್ರಿ?”

ಗುಟ್ಟು ಹೊರಬಿತ್ತು. ಯಾರು ಮಾಡಿದ್ದೋ ಒಂದು ಆ್ಯಪು. ಯಾರ ಧ್ವನಿ ಕೊಟ್ಟರೂ ಅದೇ ಧ್ವನಿಯಲ್ಲಿ, ಬೇಕಾದ ಭಾಷೆಯಲ್ಲಿ ಮಾತಾಡುತ್ತದೆ. ಮಗ ಹಿಂದಿಯಲ್ಲಿ ಮಾತಾಡಿ ಫೋನಿಗೆ ಕಳಿಸಿದ್ದ ಧ್ವನಿಗಳನ್ನೆಲ್ಲ ಶಿವರಾಯ ಅದಕ್ಕೆ ಉಣಿಸಿದ್ದ. ‘ಅಪ್ಪಾ, ಊಟ ಆಯ್ತೇನು?’ ಎಂದು ಅದು ಮಗನ ಧ್ವನಿಯಲ್ಲಿ ಕೇಳಿದಾಗ ಅವನಿಗೆ ತಡೆಯಲಾಗಿರಲಿಲ್ಲ.

“ಮತ್ತೇನು ಕೊಟ್ರಿ?”

“ಅದು ಕೇಳಿದ್ದು. ಮನಿಮಂದಿ ಹೆಸರು, ನಂಬರು, ಬ್ಯಾಂಕು ಯಾವ್ದು ಅಂತ. ಎಲ್ಲಾದಕ್ಕೂ ಹೂಂ ಅಂತ ಒತ್ತಿದೆ.”

“ಬೀದ್ಯಾಗ ಹೋಗಾಂವ ಬಂದು ಇದನ್ನೆಲ್ಲ ಕೇಳಿದ್ರ ಹೇಳ್ತಿದ್ರೇನು?”

“ಬೀದ್ಯಾಗಿನಾಂವ ನನ್ನ ಮಗನಿಂದ ಕನ್ನಡ ಮಾತಾಡಸ್ತಿದ್ನೇನು?”

ದಾನಮ್ಮನಿಗೆ ಈ ಮಾತಿಗೆ ಬೈಯಬೇಕೋ ಅಯ್ಯೋ ಎನ್ನಬೇಕೋ ತಿಳಿಯಲಿಲ್ಲ. ಕೊನೆಗೆ ಮೆತ್ತಗೆ ಕೇಳಿದಳು: “ಅಂಬರೀಶನ್ನ ಒಂದು ಮಾತು ಕೇಳಿದ್ರೇನು? ಧ್ವನಿ ಅವನದು.”

“ನಾ ಹಡದ ಮಗನ ಧ್ವನಿಗೆ ನಾ ಯಾರನ್ನ ಕೇಳಬೇಕು?”

“ಹಡದಾಕಿ ನಾನು. ನಾನ ಅವನ ಶರ್ಟಿನ ಕಿಸೇದಾಗ ಕೈ ಹಾಕೋಮುಂದ ಕೇಳ್ತೀನಿ.”

ಮಧ್ಯಾಹ್ನ ಫೋನು ಬಂತು. “ಕ್ಯಾ ಹುವಾ ಪಪ್ಪಾ? ಇತನಾ ಮಿಸ್ ಕಾಲ್?” ಆ ಹಿಂದಿ ಕಿವಿಗೆ ಬಿದ್ದದ್ದೇ ದಾನಮ್ಮ ಗೋಡೆಗೆ ಆತು ಕುಳಿತಳು. ಹಿಂದಿ ಇಷ್ಟು ಸಿಹಿಯೆಂದು ಆ ಮನೆಯಲ್ಲಿ ಯಾರಿಗೂ ಅದುವರೆಗೆ ಅನ್ನಿಸಿರಲಿಲ್ಲ. ಸಂಗತಿ ಕೇಳಿ ಮಗ ರೇಗಿದ. ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿರಿ, ಪೊಲೀಸರಿಗೆ ದೂರು ಕೊಡಿರಿ, ಆ್ಯಪಿನಲ್ಲಿ ಕೊಟ್ಟದ್ದನ್ನೆಲ್ಲ ಅಳಿಸಿ ಆಮೇಲೆ ಅದನ್ನು ತೆಗೆಯಿರಿ ಎಂದ. ಅಪ್ಪ ಹೀಗೆ ಯಾಕೆ ಮಾಡಿದರು ಎಂದೂ ಕೇಳಿದ. ದಾನಮ್ಮನೇ ಫೋನು ತೆಗೆದುಕೊಂಡು, ನಿನ್ನ ಬಾಯಿಂದ ಕನ್ನಡ ಕೇಳುವ ಆಸೆ ಅವರಿಗೆ ಎಂದು ಹೇಳಿದಳು. ಮಗ ಮೆತ್ತಗೆ “ಠೀಕ್ ಹೈ” ಎಂದು ಇಟ್ಟ.

ಬ್ಯಾಂಕು, ಪೊಲೀಸು ಎಲ್ಲ ಮುಗಿಸಿ ಬಂದ ಶಿವರಾಯ ಹೊಸ ಕಾನೂನು ಮಾಡಿದ. ಇನ್ನು ಮೇಲೆ ಮಗನ ಧ್ವನಿಯಲ್ಲಿ ಯಾರೇ ಫೋನು ಮಾಡಿ ಕನ್ನಡ ಮಾತಾಡಿದರೂ ಅವನು ಕಳ್ಳನೇ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ರಿಂಗಾಯಿತು. ಮತ್ತೆ ಗುರುತಿಲ್ಲದ ನಂಬರು. ಶಿವರಾಯ ಸ್ಪೀಕರ್ ಹಚ್ಚಿದ.

“ಅಪ್ಪಾ... ನಾನು ಅಂಬರೀಶ. ಮೇರಾ ಫೋನ್ ಬಂದ್ ಆಗಿದೆ, ದೋಸ್ತ್ ಕಾ ಫೋನ್ ಇದೆ. ಊಟ... ಊಟ ಆಯ್ತು ಕಾ?”

“ಕಳ್ಳ ಸೂಳೆಮಗನ, ನನ್ನ ಮಗನಿಗೆ ಕನ್ನಡ ಬರಂಗಿಲ್ಲ,” ಎಂದು ಶಿವರಾಯ ಫಟಕ್ಕನೆ ಕಟ್ ಮಾಡಿ, ಗೆದ್ದವನಂತೆ ಹೆಂಡತಿಯ ಕಡೆ ನೋಡಿದ. “ಹ್ಯಾಂಗ?”

ದಾನಮ್ಮ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದಳು.

“ಲಗೂನ ತಿರುಗಿ ಹಚ್ಚರಿ. ಇಷ್ಟು ಕೆಟ್ಟ ಕನ್ನಡ ಯಾವ ಮಷೀನಿಗೂ ಬರಂಗಿಲ್ಲ. ಅಂವ ನಮ್ಮ ಹುಡುಗನ.”