ನೆಲದಿಂದ ಇನ್ನೂರೈದು ಮಿಲಿಮೀಟರ್

ಕಾರು ಕೊಳ್ಳುವಾಗ ಜನ ಸೋಲುವುದು ಕಣ್ಣಿಗೆ. ಬಣ್ಣ ನೋಡುತ್ತಾರೆ, ಪಕ್ಕದ ಮನೆಯವರ ಮುಖ ನೋಡುತ್ತಾರೆ, ರುಜು ಹಾಕಿಬಿಡುತ್ತಾರೆ. ನಾನು ಹಾಗೆ ಕೊಳ್ಳುವವನಲ್ಲ ಎಂದು ನಿರ್ಧರಿಸಿದ್ದೆ. ಇಪ್ಪತ್ತಾರು ವರ್ಷದಿಂದ ನರಸಿಂಹರಾಜಪುರದ ಸುತ್ತಮುತ್ತ ಜಮೀನು ಅಳೆಯುತ್ತಿರುವ ಸರ್ವೇಯರ್ ನಾನು. ಬೇಲಿಯ ಸಲುವಾಗಿ ಮಾತುಬಿಟ್ಟ ಅಣ್ಣತಮ್ಮಂದಿರನ್ನು ಒಂದು ಟೇಪು, ನಾಲ್ಕು ಗೂಟದಲ್ಲಿ ತಣ್ಣಗೆ ಮಾಡಿದವನು. ಅಂಥವನಿಗೆ ನಾಲ್ಕು ಮೀಟರ್ ಉದ್ದದ ಗಾಡಿ ಯಾವ ಮಹಾ! ಈ ಕಾಂತೇಶ ತರುವ ಕಾರಿನಲ್ಲಿ ಯಾರಾದರೂ ಒಂದು ಕುಂದು ತೋರಿಸಲಿ ನೋಡೋಣ ಎಂದು ಮನೆಯಲ್ಲಿ ಸಾರಿಯೂ ಬಿಟ್ಟೆ.

ಮನೆಯಲ್ಲಿ ಎಂದರೆ ಇಬ್ಬರ ಮುಂದೆ. ಒಬ್ಬಳು ಹೆಂಡತಿ ಶಿಲ್ಪಶ್ರೀ, ಪ್ರಾಥಮಿಕ ಶಾಲೆಯ ಟೀಚರ್. ಇನ್ನೊಬ್ಬರು ಅವಳ ತಾಯಿ ನೀಲಾಂಬಿಕೆ. ಎಪ್ಪತ್ತಾರು ವರ್ಷ, ನಮ್ಮ ಜೊತೆಯಲ್ಲೇ ಇರುವವರು. ಕಾರಿನ ಯೋಚನೆ ಹುಟ್ಟಿದ್ದೇ ಅವರ ದೆಸೆಯಿಂದ. ಅತ್ತೆಗೆ ಕಡಹಿನಬೈಲಿನಲ್ಲಿ ಒಬ್ಬ ಅಕ್ಕ ಇದ್ದಾರೆ, ಎಂಬತ್ತು ದಾಟಿದವರು. ಮೊದಲೆಲ್ಲ ತಿಂಗಳಿಗೊಮ್ಮೆ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗಿ ಬರುತ್ತಿದ್ದ ಅತ್ತೆ, ಮಂಡಿನೋವು ಶುರುವಾದ ಮೇಲೆ ಎರಡು ವರ್ಷದಿಂದ ಹೋಗಿರಲಿಲ್ಲ. ಯಾರು ಕರೆದರೂ ಇನ್ನೊಂದು ಸಲ ನೋಡೋಣ ಎನ್ನುತ್ತಿದ್ದರು. ಬಸ್ಸಿನ ಮೆಟ್ಟಿಲೇ ತೊಂದರೆ, ಕಾರೊಂದಿದ್ದರೆ ಮುಗಿಯಿತು ಎಂದು ನಾನೇ ತೀರ್ಮಾನಿಸಿಕೊಂಡೆ. ಅವರನ್ನು ಕೇಳಲಿಲ್ಲ.

ದೊಡ್ಡ ಎಸ್‌ಯುವಿ ನಮ್ಮ ಅಳವಿಗೆ ಮೀರಿದ್ದು. ಅದರ ತಮ್ಮನ ಹಾಗೆ ಕಾಣುವ ಕಾಂಪ್ಯಾಕ್ಟ್ ಎಸ್‌ಯುವಿ ಕೈಗೆಟುಕುವಂತಿತ್ತು. ಅದರ ಅಧ್ಯಯನಕ್ಕೆ ನಾಲ್ಕು ತಿಂಗಳು ಹಿಡಿಯಿತು. ಒಂದು ನೋಟ್‌ಬುಕ್ ಇಟ್ಟುಕೊಂಡು ಎಡಪುಟದಲ್ಲಿ ಗುಣ, ಬಲಪುಟದಲ್ಲಿ ದೋಷ ಬರೆಯುತ್ತ ಹೋದೆ. ಶಿಲ್ಪಶ್ರೀ ಒಂದು ಸಂಜೆ ಅದನ್ನು ತಿರುವಿ ಹಾಕಿ ಹೇಳಿದಳು:

“ನನ್ನ ನೋಡಕ್ಕೆ ಬಂದಾಗ ಕಾಫಿ ಆರೋದ್ರೊಳಗೆ ಒಪ್ಪಿದ್ರಿ. ಆಗ ಈ ಬಲಗಡೆ ಪುಟ ಇರ್ಲಿಲ್ವಾ?”

ಅದಕ್ಕೆ ಉತ್ತರ ಕೊಡುವಷ್ಟು ದಡ್ಡ ನಾನಲ್ಲ.

ಕಂಪನಿಯವರು ಕೊಪ್ಪದಲ್ಲಿ ಎರಡು ದಿನ ಗಾಡಿಯನ್ನು ಪ್ರದರ್ಶನಕ್ಕೆ ನಿಲ್ಲಿಸಿದ್ದರು. ನಾನು ಟೇಪು ಹಿಡಿದು ಹೋದೆ. ಉದ್ದ, ಅಗಲ, ಡಿಕ್ಕಿಯ ಆಳ ಎಲ್ಲ ಅಳೆದೆ. ಕೊನೆಗೆ ಅಂಗಾತ ಮಲಗಿ ಗಾಡಿಯ ಕೆಳಗೆ ತೂರಿಕೊಂಡೆ. ದಾರಿಹೋಕರಿಬ್ಬರು ಯಾರೋ ಚಕ್ರಕ್ಕೆ ಸಿಕ್ಕರೆಂದು ಓಡಿಬಂದು ನನ್ನ ಕಾಲು ಹಿಡಿದು ಎಳೆದರು. ಎಳೆಸಿಕೊಂಡು ಹೊರಬಂದರೂ ಅಳತೆ ಮಾತ್ರ ಬಿಡಲಿಲ್ಲ. ನೆಲದಿಂದ ಇನ್ನೂರೈದು ಮಿಲಿಮೀಟರ್! ಬೆಂಗಳೂರಿನವರಿಗೆ ಇದು ಬರಿಯ ಅಂಕಿ. ನಮ್ಮ ಕಡೆಯ ರಸ್ತೆಯಲ್ಲಿ ಕಾರಿನ ಹೊಟ್ಟೆ ತರಚಿಸಿಕೊಂಡವರಿಗೆ ಅದರ ಬೆಲೆ ಗೊತ್ತು.

ಗಾಡಿಯ ಜೊತೆ ಬಂದಿದ್ದ ಅನನ್ಯ ಎಂಬ ಹುಡುಗಿ ಹರಿಹರಪುರದ ಮೇಲೆ ಶೃಂಗೇರಿಯವರೆಗೂ ಓಡಿಸಲು ಬಿಟ್ಟಳು. ಏಸಿ ಹಾಕಿಕೊಂಡು ಏರು ಹತ್ತುವಾಗ ಚಿಕ್ಕ ಇಂಜಿನ್ ಸ್ವಲ್ಪ ಗೊಣಗಿತು, ಬಲಪುಟ. ತಿರುವುಗಳಲ್ಲಿ ಒಂದಿಷ್ಟು ವಾಲಿದಂತಾಯಿತು, ಬಲಪುಟ. ಒಳಗಿನ ಪ್ಲಾಸ್ಟಿಕ್ ಬೆರಳಿಂದ ತಟ್ಟಿದರೆ ಖಾಲಿ ಡಬ್ಬದ ಸದ್ದು, ಅದೂ ಬಲಪುಟ. ಹಿಂದಿನ ಸೀಟಿನಲ್ಲಿ ಇಬ್ಬರು ದೊರೆಗಳ ಹಾಗೆ ಕೂರಬಹುದು, ಮೂರನೆಯವನು ಸಾಕ್ಷಿಗೆ ಬಂದವನ ಹಾಗೆ ಮುದುಡಿಕೊಳ್ಳಬೇಕು. ಆದರೆ ಹೊಂಡಕ್ಕೆ ಬಿದ್ದರೆ ಬಿದ್ದದ್ದೇ ತಿಳಿಯುವುದಿಲ್ಲ. ಹಿಂದೆ ಕೂತವರಿಗೂ ಏಸಿಯ ತಂಗಾಳಿ ಬೇರೆಯಾಗಿ ಬರುತ್ತದೆ. ಡಿಕ್ಕಿಯಲ್ಲಿ ಎರಡು ಮೂಟೆ ಅಕ್ಕಿ ಹಿಡಿಸುತ್ತದೆ. ಸೀಟು ಎತ್ತರ, ರಸ್ತೆ ಚೆನ್ನಾಗಿ ಕಾಣುತ್ತದೆ. ಇದನ್ನು ಎಡಪುಟದಲ್ಲಿ ಬರೆದು ಕೆಳಗೆ ಎರಡು ಗೆರೆಯನ್ನೂ ಎಳೆದೆ.

ಗಾಡಿಯಲ್ಲಿ ಯಾರ್ಯಾರು ಕೂರುತ್ತಾರೆ ಸರ್ ಎಂದು ಅನನ್ಯ ಕೇಳಿದಳು. ಮೂರು ಜನ, ಸರಾಸರಿ ಅರವತ್ತೈದು ಕೆ.ಜಿ. ಎಂದೆ.

ಬುಕ್ ಮಾಡುವ ಮುಂಚೆ ಒಮ್ಮೆ ಅವ್ವನನ್ನು ಕೂರಿಸಿ ನೋಡೋಣ ಎಂದು ಶಿಲ್ಪಶ್ರೀ ಹೇಳಿದ್ದು ನಿಜ. ಅಳತೆಯೆಲ್ಲ ನನ್ನ ಹತ್ತಿರ ಇರುವಾಗ ವಯಸ್ಸಾದವರನ್ನು ಸುಮ್ಮನೆ ಅಲೆದಾಡಿಸುವುದೇಕೆ ಎಂದು ನಾನು ತಳ್ಳಿಹಾಕಿದ್ದೂ ನಿಜ.

ಗಾಡಿ ಬಂತು. ಪೂಜೆಯಾದ ಮೊದಲ ಭಾನುವಾರ ಕಡಹಿನಬೈಲಿಗೆ ಹೊರಟೆವು. ಅತ್ತೆ ಹೊಸ ಸೀರೆ ಉಟ್ಟು, ಒಂದು ಚೀಲದಲ್ಲಿ ಅಕ್ಕನಿಗೆಂದು ಹುರಿಗಡಲೆ ಉಂಡೆ ಇಟ್ಟುಕೊಂಡು, ನಿಧಾನಕ್ಕೆ ನಡೆದು ಬಂದರು. ನಾನು ಹಿಂದಿನ ಬಾಗಿಲನ್ನು ಭಟನಂತೆ ತೆರೆದು ನಿಂತೆ. ಅತ್ತೆ ಒಳಗಿನ ಸೀಟು ನೋಡಿದರು, ನೆಲ ನೋಡಿದರು, ತಮ್ಮ ಪಾದ ನೋಡಿಕೊಂಡರು. ಪಾದ ಅರ್ಧ ಅಡಿ ಮೇಲಕ್ಕೆ ಎದ್ದು ಅಲ್ಲಿಗೇ ನಿಂತಿತು. ಗಾಡಿಯ ಹೊಸ್ತಿಲು ಒಂದೂಕಾಲು ಅಡಿ ಎತ್ತರದಲ್ಲಿತ್ತು.

ಅಳಿಯ ಅತ್ತೆಯ ಕೈ ಹಿಡಿದು ಹತ್ತಿಸುವ ಪದ್ಧತಿ ನಮ್ಮಲ್ಲಿಲ್ಲ. ನನ್ನೆದುರು ಕುರ್ಚಿಯಲ್ಲಿ ಕೂರಲೂ ಸಂಕೋಚಪಡುವವರು ಅವರು. ಕೊನೆಗೆ ಶಿಲ್ಪಶ್ರೀ ಅಡುಗೆಮನೆಯ ದಪ್ಪ ಮಣೆ ತಂದಿಟ್ಟಳು. ಆ ಬದಿಯ ಬಾಗಿಲಿಂದ ತಾನು ಒಳಗೆ ಹೋಗಿ ತಾಯಿಯನ್ನು ಎಳೆದುಕೊಂಡಳು. ಅತ್ತೆ ಸೀಟಿಗೆ ಬಂದು ಕೂತರು, ಸುಧಾರಿಸಿಕೊಂಡರು. ಶಿಲ್ಪಶ್ರೀ ನನ್ನತ್ತ ನೋಡಲಿಲ್ಲ. ನೋಡದಿರುವುದರಲ್ಲೇ ಅವಳು ಎಷ್ಟೋ ಹೇಳುತ್ತಾಳೆ.

ದಾರಿಯಲ್ಲಿ ಮಾತ್ರ ನನ್ನ ಪ್ರತಾಪಕ್ಕೆ ಎದುರಿರಲಿಲ್ಲ. ರಸ್ತೆ ಕಿತ್ತುಹೋದ ಕಡೆ ನಾನೇ ಬೇಕೆಂದು ಹೊಂಡ ಹುಡುಕಿ ಇಳಿಸಿದೆ. ಗಾಡಿಯ ಅಡಿಗೆ ಏನೂ ತಾಗಲಿಲ್ಲ. ಇದೇ ಇನ್ನೂರೈದು ಮಿಲಿಮೀಟರಿನ ಮಹಿಮೆ ಎಂದು ವಿವರಿಸಿದೆ. ಅತ್ತೆ ಕಿಟಕಿಯಾಚೆ ನೋಡುತ್ತ ಎರಡು ವರ್ಷದಲ್ಲಿ ಯಾರ ಮನೆಗೆ ಸುಣ್ಣ ಬಂತು, ಯಾವ ತಿರುವಿನಲ್ಲಿ ಅಂಗಡಿ ಬಂತು ಎಂದು ಮಗಳಿಗೆ ತೋರಿಸುತ್ತಿದ್ದರು.

ಶಿಲ್ಪಶ್ರೀಯ ದೊಡ್ಡಮ್ಮನ ಮನೆ ರಸ್ತೆಗೇ ಇದೆ. ಮುಂಭಾಗದಲ್ಲಿ ದೊಡ್ಡಮ್ಮನ ಮಗ ರೇಣುಕಪ್ಪನ ದಿನಸಿ ಅಂಗಡಿ, ಅದರ ಮುಂದೆ ಉದ್ದಕ್ಕೂ ಕಟ್ಟೆ, ಕಟ್ಟೆಗೂ ರಸ್ತೆಗೂ ನಡುವೆ ಚರಂಡಿ. ಗಾಡಿ ನಿಲ್ಲಿಸಿ ಬಾಗಿಲು ತೆರೆದಾಗಲೇ ನೆನಪಾಗಿದ್ದು, ಮಣೆ ಮನೆಯಂಗಳದಲ್ಲೇ ಉಳಿದಿದೆ.

ಅತ್ತೆ ಒಂದು ಕಾಲನ್ನು ಹೊರಗೆ ಇಳಿಬಿಟ್ಟರು. ಅದು ಗಾಳಿಯಲ್ಲಿ ನೆಲವನ್ನು ಹುಡುಕಿತು, ಸಿಗಲಿಲ್ಲ, ಒಳಕ್ಕೆ ಹೋಯಿತು. ರೇಣುಕಪ್ಪ ಪ್ಲಾಸ್ಟಿಕ್ ಸ್ಟೂಲು ತಂದ. ಅದು ಅಲುಗಾಡಿತು. ಸಿಮೆಂಟ್ ಇಟ್ಟಿಗೆ ತಂದ. ಅದು ಸಣ್ಣದಾಯಿತು. ಅಷ್ಟರಲ್ಲಿ ಅಂಗಡಿಗೆ ಬಂದ ಗಿರಾಕಿಗಳು ಸುತ್ತ ಸೇರಿ ಸಲಹೆ ಕೊಡತೊಡಗಿದರು. ಕುರ್ಚಿ ತಂದು ನಾಲ್ಕು ಜನ ಹಿಡಿದು ಇಳಿಸಿಬಿಡೋಣ ಎಂದು ಯಾರೋ ಅಂದಾಗ ಅತ್ತೆಯ ಮುಖ ಬಿಗಿಯಿತು.

“ಹೆಣ ಎತ್ತಿದಂಗೆ ಎತ್ತಬೇಡಿ. ನಾನು ಇಲ್ಲೇ ಕೂತಿರ್ತೀನಿ, ನೀವು ಒಳಗೆ ಹೋಗಿ ಮಾತಾಡಿಸ್ಕಂಡು ಬನ್ನಿ.”

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಸುಮ್ಮನಿರಬೇಕು. ನಾನು ಟೇಪು ತೆಗೆದೆ.

ಕಟ್ಟೆಯ ಎತ್ತರ ಎರಡು ಅಡಿ ಎರಡು ಅಂಗುಲ. ಸೀಟಿನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ! ಗಾಡಿಯನ್ನು ಕಟ್ಟೆಗೆ ಹೊಂದಿಸಿ ನಿಲ್ಲಿಸಿದರೆ ಅತ್ತೆ ಇಳಿಯಬೇಕಾಗಿಯೇ ಇಲ್ಲ, ಹಾಗೇ ಕಟ್ಟೆಗೆ ಸರಿಯಬಹುದು. ಇದನ್ನು ಘೋಷಿಸಿ ಸ್ಟೇರಿಂಗ್ ಹಿಡಿದೆ. ಅವ್ವ ಒಳಗಿದ್ದಾರೆ ಎಂದು ಶಿಲ್ಪಶ್ರೀ ಎಚ್ಚರಿಸಿದಳು. ಅದಕ್ಕೇ ಅಲ್ಲವೇ ಇಷ್ಟೆಲ್ಲ ಎಂದೆ.

ಮೊದಲ ಸಲ ಕಟ್ಟೆಗೂ ಗಾಡಿಗೂ ಎರಡಡಿ ಅಂತರ ಉಳಿಯಿತು, ಮಧ್ಯೆ ಚರಂಡಿ. ಮುಂದೆ ಹೋಗಿ ಮತ್ತೆ ಹಿಂದೆ ಬಂದೆ. ಹಿಂದಿನ ಸೆನ್ಸರ್ ಕೂಗತೊಡಗಿತು. ರೇಣುಕಪ್ಪ ಕಟ್ಟೆಯ ಮೇಲೆ ನಿಂತು, ಬರಲಿ, ಬರಲಿ, ಇನ್ನೂ ಬರಲಿ ಎನ್ನುತ್ತಿದ್ದ. ಸೆನ್ಸರ್ ಬೇಡ ಎನ್ನುತ್ತಿತ್ತು. ನಾನು ನೆಂಟರ ಮಾತು ಕೇಳಿದೆ. ಎಡಗಡೆಯ ಕನ್ನಡಿ ಅಂಗಡಿಯ ಕಂಬಕ್ಕೆ ಹೊಡೆದು ಮಡಚಿಕೊಂಡಿತು. ಅದನ್ನು ತಪ್ಪಿಸಲು ಸ್ಟೇರಿಂಗ್ ತಿರುಗಿಸಿದೆ, ತಿರುಗಿಸಬೇಕಾದ ಕಡೆಗಲ್ಲ. ಧಡ್ ಎಂದು ಎಡಗಡೆಯ ಎರಡೂ ಚಕ್ರ ಚರಂಡಿಗಿಳಿದವು. ಗಾಡಿ ವಾಲಿ, ಕರ್ರನೆ ಕೂಗಿ, ಕಟ್ಟೆಗೆ ಹೆಗಲು ಕೊಟ್ಟು ನಿಂತುಕೊಂಡಿತು. ಇನ್ನೂರೈದು ಮಿಲಿಮೀಟರ್ ಅಷ್ಟೂ ಚರಂಡಿಯಲ್ಲಿ ಕರಗಿಹೋಯಿತು. ಆಕ್ಸಿಲರೇಟರ್ ಒತ್ತಿದೆ. ಚಕ್ರ ಇದ್ದಲ್ಲೇ ತಿರುಗಿ ರಾಡಿಯನ್ನು ಅಂಗಡಿಯ ಉಪ್ಪಿನ ಮೂಟೆಗೆ ಎರಚಿತು.

“ಅಳೆದಿದ್ದು ಸಾಕು,” ಶಿಲ್ಪಶ್ರೀ ಅಂದಳು. “ಗಾಡಿ ಆಫ್ ಮಾಡಿ.”

ಎಡಬಾಗಿಲು ತೆರೆಯುವಂತಿಲ್ಲ, ಕಟ್ಟೆ ಅಡ್ಡ. ಬಲಬಾಗಿಲು ತೆರೆದರೆ ನೆಲ ಮೊದಲಿಗಿಂತಲೂ ಕೆಳಗೆ. ಅತ್ತೆಯನ್ನು ಇಳಿಸಲು ಹೊರಟವನು ಅವರನ್ನು ಒಳಗೇ ಇಟ್ಟು ಬೀಗ ಹಾಕಿದಂತಾಯಿತು. ಇಷ್ಟೆಲ್ಲ ನಡೆದರೂ ಅವರು ಚೀಲವನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದುಕೊಂಡು ಕೂತಿದ್ದರು. ಪಕ್ಕದೂರಿನ ರಘುಪತಿಯ ಜೀಪು ಬಂದು ಹಗ್ಗ ಕಟ್ಟಿ ಎಳೆಯಬೇಕು, ಬೇರೆ ದಾರಿಯಿಲ್ಲ ಎಂದು ರೇಣುಕಪ್ಪ ಫೋನು ಮಾಡಿದ.

ಆಗ ಒಳಗಿನಿಂದ ದೊಡ್ಡಮ್ಮ ಕೋಲೂರಿಕೊಂಡು ಕಟ್ಟೆಗೆ ಬಂದರು. ಗಾಡಿಯನ್ನು ಅವರು ನೋಡಲೇ ಇಲ್ಲ. ಗಾಜಿನೊಳಗೆ ತಂಗಿಯ ಮುಖ ಕಂಡಿತು. ಅವರ ಸೊಸೆ, ರೇಣುಕಪ್ಪನ ಹೆಂಡತಿ, ಚಾಪೆ ಹಾಸಿದಳು. ದೊಡ್ಡಮ್ಮ ಕೂತಾಗ ಕಾರಿನ ಕಿಟಕಿ ಸರಿಯಾಗಿ ಅವರ ಮೊಣಕೈ ಎತ್ತರಕ್ಕಿತ್ತು. ನಾನು ಗಾಜು ಇಳಿಸಿಕೊಟ್ಟೆ. ಅಕ್ಕತಂಗಿಯರ ನಡುವೆ ಒಂದು ಗೇಣು ಜಾಗ ಉಳಿಯಿತು. ದೊಡ್ಡಮ್ಮ ಕೈ ಒಳಗೆ ಹಾಕಿ ತಂಗಿಯ ಗಲ್ಲ ಸವರಿದರು.

ನಾನು ಗಾಡಿಯ ಹಿಂದೆ ಚಕ್ರಕ್ಕೆ ಕಲ್ಲು ಕೊಡುವ ನೆಪದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ನಿಜ ಹೇಳಬೇಕೆಂದರೆ ಜನರಿಗೆ ಮುಖ ತೋರಿಸಲಾರದೆ. ಹಾಗಾಗಿ ಅವರ ಮಾತು ಕಿವಿಗೆ ಬಿತ್ತು.

“ಎರಡು ವರ್ಷ ಆಯ್ತಲ್ಲೇ ನೀಲಿ,” ಎಂದರು ದೊಡ್ಡಮ್ಮ. “ಕರೆದಾಗೆಲ್ಲ ನಾಳೆ ನಾಡಿದ್ದು ಅಂದೆ. ನಾನೆಂತ ತಪ್ಪು ಮಾಡಿದ್ದೆ?”

“ನಿಂದೆಂತ ತಪ್ಪು ಅಕ್ಕ. ಕೂತ್ರೆ ಇಬ್ರು ಹಿಡೀಬೇಕು, ಎದ್ರೆ ಇಬ್ರು ಹಿಡೀಬೇಕು. ಮನೆಯೋರಿಗೆ ಹೊರೆ ಆಗಿರದು ಸಾಕು, ನೆಂಟರ ಮನೆಗೂ ಹೊರೆ ಹೊತ್ತುಕೊಂಡು ಹೋಗದು ಬ್ಯಾಡ ಅಂತ ಸುಮ್ನಾದೆ.”

ಕೈಯಲ್ಲಿದ್ದ ಕಲ್ಲನ್ನು ನಾನು ಹಾಗೇ ಹಿಡಿದುಕೊಂಡಿದ್ದೆ. ನಾಲ್ಕು ತಿಂಗಳು ಒಂದು ಗಾಡಿಯ ಗುಣದೋಷ ತೂಗಿದವನು, ಒಂದೇ ಮನೆಯಲ್ಲಿ ಉಣ್ಣುವ ಜೀವ ಏನನ್ನು ಹೊತ್ತುಕೊಂಡು ಕೂತಿದೆ ಎಂದು ಒಂದು ಸಂಜೆಯೂ ಕೇಳಿರಲಿಲ್ಲ. ಕಾರಣ ಬಸ್ಸಿನ ಮೆಟ್ಟಿಲು ಎಂದು ನಾನೇ ಬರೆದುಕೊಂಡು, ನಾನೇ ಪುಸ್ತಕ ಮುಚ್ಚಿಟ್ಟಿದ್ದೆ.

ಸ್ವಲ್ಪ ಹೊತ್ತಿಗೆ ಕಿಟಕಿಯೊಳಕ್ಕೆ ಕಡುಬಿನ ತಟ್ಟೆ ಹೋಯಿತು. ಉಂಡೆಯ ಚೀಲ ಹೊರಕ್ಕೆ ಬಂತು. ಕಾಫಿ ಒಳಕ್ಕೆ, ಖಾಲಿ ಲೋಟ ಹೊರಕ್ಕೆ, ಎಲೆಯಡಿಕೆ ಒಳಕ್ಕೆ. ಯಾರ ಮದುವೆಯದೋ ಸುದ್ದಿಗೆ ಅತ್ತೆ ಗಟ್ಟಿಯಾಗಿ ನಕ್ಕರು. ಅವರು ಹಾಗೆ ನಗುತ್ತಾರೆಂದು ನನಗೆ ಗೊತ್ತಿರಲಿಲ್ಲ. ಶಿಲ್ಪಶ್ರೀ ಇನ್ನೊಂದು ಬಾಗಿಲಿಂದ ಹತ್ತಿ ತಾಯಿಯ ಪಕ್ಕ ಕೂತಳು. ಒಳಗೆ ಮೂವರಿಗೆ ಕಷ್ಟ ಎಂದು ಬರೆದಿದ್ದೆನಲ್ಲ, ನನಗೆ ಹೇಗೂ ಜಾಗವಿರಲಿಲ್ಲ.

ರಘುಪತಿ ಹಗ್ಗ ಸಮೇತ ಬಂದ. ಕೊಕ್ಕೆ ಸಿಕ್ಕಿಸಲು ಬಗ್ಗಿದಾಗ ದೊಡ್ಡಮ್ಮ ಕೋಲೆತ್ತಿ ತಡೆದರು. ಮಾತು ಮುಗಿದಿಲ್ಲ, ಆಮೇಲೆ ಎಳೆಯಬಹುದು ಎಂದರು. ಅವನು ಒಂದೂವರೆ ಗಂಟೆ ಕಾದ. ಎರಡು ಸಲ ಕಾಫಿ ಕುಡಿದು, ನನ್ನ ಪಕ್ಕ ಬಂದು ಕೂತು ಕೇಳಿದ:

“ಹೊಸ ಗಾಡಿಯಾ ಮಾರಾಯ್ರೆ? ಹೆಂಗೈತೆ?”

ಇಪ್ಪತ್ತೆಂಟು ಗುಣ, ಹನ್ನೊಂದು ದೋಷ ನನಗೆ ಬಾಯಿಪಾಠ. ಒಂದೂ ನಾಲಿಗೆಗೆ ಬರಲಿಲ್ಲ. ಚೆನ್ನಾಗಿದೆ ಎಂದೆ.

ನಾಲ್ಕು ಗಂಟೆಗೆ ಗಾಡಿ ಮೇಲಕ್ಕೆ ಬಂತು. ಎಡಗಡೆಯ ಎರಡು ಬಾಗಿಲಿಗೂ ಸೇರಿದಂತೆ ಒಂದು ನೇರ ಗೆರೆ. ನಾನೇ ಅಳೆದು ಎಳೆದರೂ ಅಷ್ಟು ನೇರ ಬರುತ್ತಿರಲಿಲ್ಲ. ವಾಪಸು ಬರುವಾಗ ನಾನು ಹೊಂಡ ಹುಡುಕಲಿಲ್ಲ, ಇನ್ನೂರೈದರ ಸುದ್ದಿಯನ್ನೂ ಎತ್ತಲಿಲ್ಲ. ಮನೆ ಹತ್ತಿರ ಬಂದಾಗ, ಮುಂದಿನ ಸಲ ಎಲ್ಲಿಗೆ ಹೊರಡಬೇಕಾದರೂ ಮೊದಲು ನಿಮ್ಮನ್ನು ಕೇಳುತ್ತೇನೆ ಅತ್ತೆ ಎಂದೆ. ಅವರು ಹಿಂದಿನಿಂದ ಒಂದು ಉಂಡೆ ದಾಟಿಸಿದರು.

ಹತ್ತು ದಿನ ಕಳೆದು ರೇಣುಕಪ್ಪನ ಫೋನು ಬಂತು. ಅಂಗಡಿಯ ಮುಂದಿನ ಚರಂಡಿಗೆ ಚಪ್ಪಡಿ ಹಾಸಿಸಲು ಕಲ್ಲು ತರಿಸಿದ್ದಾನಂತೆ, ಅವನ ಅವ್ವ ಹಾಸಲು ಬಿಡುತ್ತಿಲ್ಲವಂತೆ. ಯಾಕೆ ಎಂದು ಕೇಳುವಷ್ಟರಲ್ಲಿ ದೊಡ್ಡಮ್ಮನೇ ಫೋನು ಕಸಿದುಕೊಂಡರು.

“ನೀವೇ ಇವನಿಗೆ ಬುದ್ಧಿ ಹೇಳಿ ಅಳಿಯಂದ್ರೆ. ಚರಂಡಿ ಮುಚ್ಚಿದ್ರೆ ನಮ್ಮ ಅಳಿಯ ಗಾಡಿ ಎಲ್ಲಿ ನಿಲ್ಲಿಸ್ತಾರೆ ಅಂತ ಬೆಳಿಗ್ಗೆಯಿಂದ ಕೇಳ್ತಾ ಇದ್ದೀನಿ.”